ಕೆಂಪು ಬಣ್ಣದ ಅಡಿಯಲ್ಲಿದ್ದ ಎರಡು ಪದ

೨೦೧೮ರಲ್ಲಿ ನನ್ನ ವರ್ಕ್‌ಶಾಪು ಸಿಮೆಂಟು ಕಾರ್ಖಾನೆಯ ಊರಾದ ವಾಡಿಯಲ್ಲಿತ್ತು. ಚಿತ್ತಾಪುರ ರಸ್ತೆಯ ಬದಿಗೆ, ಎರಡು ಕಾರು ನಿಲ್ಲುವಷ್ಟು ದೊಡ್ಡ ತಗಡಿನ ಶೆಡ್ಡು. ನಾನು ಕಾರುಗಳ ಬಣ್ಣದ ಕೆಲಸಕ್ಕೆ ಇಳಿದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ಶಹಾಬಾದಿನ ಒಂದು ಗ್ಯಾರೇಜಿನಲ್ಲಿ ಕಲಿತವನು. ಹೊಸದಾಗಿ ಬಣ್ಣ ಹೊಡೆಯುವವರು ಸುತ್ತಮುತ್ತ ಬಹಳ ಜನ ಇದ್ದರು. ಮಾಸಿದ ಹಳೆಯ ಬಣ್ಣಕ್ಕೇ ಹೊಳಪು ತರುವವನು ಎಂದು ನನಗೆ ಸ್ವಲ್ಪ ಹೆಸರಿತ್ತು. ಸೇಡಂ, ಚಿಂಚೋಳಿಯಿಂದಲೂ ಗಾಡಿಗಳು ಬರುತ್ತಿದ್ದವು.

ನಮ್ಮ ಭಾಗದಲ್ಲಿ ಕಾರಿನ ಬಣ್ಣಕ್ಕೆ ಆಯುಷ್ಯ ಕಡಿಮೆ. ಬಿಸಿಲು ಒಂದು ಕಡೆ, ಸಿಮೆಂಟು ಮತ್ತು ಕಲ್ಲಿನ ಧೂಳು ಇನ್ನೊಂದು ಕಡೆ. ಚಳಿಗಾಲದ ಇಬ್ಬನಿಗೆ ಆ ಧೂಳು ನೆನೆದು, ಬಿಸಿಲಿಗೆ ಒಣಗಿ, ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ಬೆಳಗ್ಗೆ ಎದ್ದು ಒಣ ಬಟ್ಟೆಯಿಂದ ಒರೆಸಿದರೆ ಉಜ್ಜುಕಾಗದ ಎಳೆದಂತೆಯೇ. ಕೆಂಪು ಬಣ್ಣದ ಗತಿ ಎಲ್ಲಕ್ಕಿಂತ ಕಷ್ಟ. ಹದಿನೈದು ವರ್ಷ ಕಳೆದರೆ ಅದು ಸುಣ್ಣ ಬಳಿದಂತೆ ಬಿಳಚಿಕೊಂಡು, ಕೈಯಿಟ್ಟರೆ ಅಂಗೈಗೆ ಪುಡಿ ಹತ್ತುತ್ತದೆ. ಈ ಸತ್ತ ಪದರವನ್ನು ರಬ್ಬಿಂಗ್ ಕಾಂಪೌಂಡ್ ಎಂಬ ಮುಲಾಮಿನಿಂದ, ಮೆಷಿನ್ನಿನ ಉಣ್ಣೆಯ ಚಕ್ರ ತಿರುಗಿಸುತ್ತ, ಬಹಳ ತೆಳುವಾಗಿ ತೆಗೆದರೆ ಕೆಳಗಿನ ಬಣ್ಣ ಮತ್ತೆ ಬೆಳಕಿಗೆ ಬರುತ್ತದೆ. ಹೊಳಪು ತರುವುದು ಎಂದರೆ ಇಷ್ಟೇ. ಕೈ ಸ್ವಲ್ಪ ಹೆಚ್ಚು ಒತ್ತಿದರೆ ಬಣ್ಣವೇ ಹರಿದು ಪ್ರೈಮರ್ ಎಂಬ ತಳಬಣ್ಣ ಕಾಣುತ್ತದೆ.

ಆ ವರ್ಷದ ಮಾರ್ಚಿನಲ್ಲಿ ಸುಜಾತಾ ಸಿಸ್ಟರ್ ತಮ್ಮ ಕಾರು ತಂದರು. ಸರಕಾರಿ ಆರೋಗ್ಯ ಇಲಾಖೆಯಲ್ಲಿ ನರ್ಸು, ವಯಸ್ಸು ಐವತ್ತಾರು, ಮನೆ ಶಹಾಬಾದಿನಲ್ಲಿ. ಪತಿ ಅಂಬಾರಾಯ ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಮೂರು ವರ್ಷದ ಹಿಂದೆ ಎದೆನೋವಿನಿಂದ ತೀರಿಕೊಂಡಿದ್ದರು. ಕಾರು ಮಾಸ್ತರು ೨೦೦೧ರಲ್ಲಿ ಹೊಸದಾಗಿ ಕೊಂಡದ್ದು; ಅವರ ಊರಿನ ಬೌದ್ಧರ ಓಣಿಗೆ ಬಂದ ಮೊದಲ ಕಾರು. ಮಾಸ್ತರು ಹೋದಮೇಲೆ ಸಿಸ್ಟರ್ ಐವತ್ಮೂರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಅದನ್ನು ತಾವೇ ಓಡಿಸುತ್ತಿದ್ದರು. ಮೇ ತಿಂಗಳಲ್ಲಿ ಅವರ ಅಣ್ಣನ ಮಗಳ ನಿಶ್ಚಿತಾರ್ಥ ಚಿತ್ತಾಪುರದಲ್ಲಿ ಇತ್ತು. ಆ ಹುಡುಗಿಯನ್ನು ಇದೇ ಕಾರಿನಲ್ಲಿ ಕರೆದೊಯ್ಯಬೇಕೆಂಬುದು ಅವರ ಆಸೆ.

"ಬ್ಯಾರೆ ಬಣ್ಣ ಹೊಡಿಬ್ಯಾಡ್ರಿ ಭೀಮಣ್ಣ," ಎಂದರು. "ಮಾಸ್ತರು ತಂದ ಬಣ್ಣಕ್ಕೇ ಕಳೆ ಬರಬೇಕು."

ಕೆಲಸಕ್ಕೆ ಮೊದಲು ನಾನು ಮೀಟರ್ ಇಟ್ಟು ಬಣ್ಣದ ದಪ್ಪ ನೋಡುತ್ತೇನೆ. ಬಾಗಿಲು, ಟಾಪು ಎಲ್ಲ ಕಡೆ ನೂರು, ನೂರಾ ಹತ್ತು ಮೈಕ್ರಾನು ಬಂತು. ಎಂದರೆ ಕಂಪನಿಯ ಬಣ್ಣ. ಬಾನೆಟ್ಟಿನ ಮೇಲೆ ಇನ್ನೂರ ಎಂಬತ್ತು ತೋರಿಸಿತು. ಹಾಗಿದ್ದರೆ ಇದಕ್ಕೆ ಒಮ್ಮೆ ತಗ್ಗು ತುಂಬುವ ಪುಟ್ಟಿ ಹಿಡಿದು ಮತ್ತೆ ಬಣ್ಣ ಹೊಡೆದಿದ್ದಾರೆ. ಕೇಳಿದೆ. ಹೌದು, ೨೦೦೪ರಲ್ಲಿ ಊರಿನಲ್ಲಿದ್ದಾಗ ಗಾಳಿಗೆ ಬೇವಿನ ಟೊಂಗೆ ಮುರಿದು ಬಿದ್ದಿತ್ತು, ಮಾಸ್ತರು ತಾವೇ ಸೊಲ್ಲಾಪುರಕ್ಕೆ ಒಯ್ದು ಸರಿಮಾಡಿಸಿಕೊಂಡು ಬಂದರು ಎಂದರು. ಅವರ ಊರು ಕಾಗಿಣಾ ಹೊಳೆಯ ದಂಡೆಯದು. ಹೆಸರು ಬರೆಯುವುದಿಲ್ಲ. ನಾವೂ ಹೊಳೆ ದಂಡೆಯ ಜನ, ನಮ್ಮಜ್ಜ ಮೀನು ಹಿಡಿದು ಬದುಕಿದವನು. ಆ ಊರಿಗೆ ನನ್ನ ಅಕ್ಕನನ್ನೇ ಕೊಟ್ಟಿದೆ.

ಮೊದಲೆರಡು ದಿನ ತೊಳೆದು, ಕಚ್ಚಿದ ಸಿಮೆಂಟು ಬಿಡಿಸಿ, ಬಾಗಿಲುಗಳನ್ನು ಮುಗಿಸಿದೆ. ಬಿಳಚಿದ ಗುಲಾಬಿ ಬಣ್ಣದ ಒಳಗಿನಿಂದ ಒಳ್ಳೆಯ ಕೆಂಪು ಎದ್ದು ಬಂತು. ಮೂರನೆಯ ದಿನ ಮಧ್ಯಾಹ್ನ ಬಾನೆಟ್ಟಿಗೆ ಕೈ ಹಾಕಿದೆ. ಒಂದು ಸುತ್ತು ಉಜ್ಜಿ ಮೆಷಿನ್ ಕೆಳಗಿಟ್ಟೆ. ಕಾಂಪೌಂಡ್ ಒಣಗುತ್ತಿದ್ದಂತೆ ಕೆಂಪಿನ ಮೇಲೆ ಬಿಳಿ ಗೆರೆಗಳು ಕಂಡವು. ಹಳೆಯ ಗೀರಿನ ಮೇಲೆ ತುಂಬಿದ ಪುಟ್ಟಿ ವರ್ಷ ಕಳೆದಂತೆ ಕುಗ್ಗುತ್ತದೆ. ಮೇಲಿನ ಬಣ್ಣ ಅದರೊಂದಿಗೆ ತಗ್ಗಿಗೆ ಇಳಿಯುತ್ತದೆ. ಆ ತಗ್ಗಿನಲ್ಲಿ ಬಿಳಿ ಮುಲಾಮು ಕೂರುತ್ತದೆ. ಟೊಂಗೆ ಬಿದ್ದ ಗೀರು ಅಡ್ಡಾದಿಡ್ಡಿ ಇರಬೇಕು. ಇವು ಅಡ್ಡಾದಿಡ್ಡಿ ಇರಲಿಲ್ಲ. ನಾನು ಗಾಡಿಯ ಮುಂದೆ ಬಂದು ನಿಂತೆ. ಅಕ್ಷರಗಳು, ಒಂದೊಂದೂ ಗೇಣುದ್ದ. ಮೊದಲ ಪದ ಜಾತಿಯ ಹೆಸರು. ಎರಡನೆಯದು ಬೈಗುಳ. ಇಲ್ಲಿ ಅವನ್ನು ಬರೆಯಲಾರೆ.

ರಸ್ತೆಯಲ್ಲಿ ಹೋಗುವವರಿಗೆ ಕಾಣದಿರಲೆಂದು ಮೊದಲು ಶೆಡ್ಡಿನ ಪರದೆ ಎಳೆದೆ. ಆಮೇಲೆ ಕುಳಿತು ಯೋಚಿಸಿದೆ. ಉಜ್ಜಿ ತೆಗೆಯುವಷ್ಟು ಮೇಲಿನ ಗೀರಲ್ಲ ಅದು. ತೆಗೆಯಬೇಕೆಂದರೆ ತಗಡಿನವರೆಗೆ ಕೆತ್ತಿ ಹೊಸ ಬಣ್ಣ ಹೊಡೆಯಬೇಕು. ಹಾಗೆ ಮಾಡಬೇಕೆಂದರೆ ಸಿಸ್ಟರ್‌ಗೆ ಕಾರಣ ಹೇಳಬೇಕು. ಮಾಸ್ತರು ಹೆಂಡತಿಗೆ ತಿಳಿಯಬಾರದೆಂದು ಮುಚ್ಚಿದ್ದನ್ನು ನಾನು ಯಾಕೆ ತೆರೆಯಲಿ, ಮನೆಯಲ್ಲಿ ಶುಭಕಾರ್ಯ ಬೇರೆ ಇದೆ ಎಂದುಕೊಂಡೆ. ಗ್ಲೇಜ್ ಎಂಬ ಎಣ್ಣೆಯಂಥ ಒಂದು ಪಾಲಿಶ್ ಬರುತ್ತದೆ. ಸಣ್ಣ ಗೀರುಗಳನ್ನು ಅದು ತುಂಬಿ ಮುಚ್ಚುತ್ತದೆ. ಹೆಚ್ಚು ದಿನ ನಿಲ್ಲುವುದಿಲ್ಲ. ಅದು ನನಗೆ ಗೊತ್ತಿತ್ತು. ಮೂರು ಸಲ ಗ್ಲೇಜ್ ತಿಕ್ಕಿ ಮೇಲೆ ವ್ಯಾಕ್ಸ್ ಹಚ್ಚಿದೆ. ಅಕ್ಷರಗಳು ಹೋದವು.

ಮರುದಿನ ಸಿಸ್ಟರ್ ಬಂದು ಕಾರಿನ ಸುತ್ತ ಎರಡು ಸಲ ಓಡಾಡಿದರು. ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡು ನಕ್ಕರು, ಮತ್ತೆ ಕಣ್ಣೊರೆಸಿಕೊಂಡರು. ಟೊಂಗೆ ಬಿದ್ದ ಕಡೆ ಏನಾದರೂ ತೊಂದರೆ ಇತ್ತೇ ಎಂದು ಅವರೇ ಕೇಳಿದರು. ಏನೂ ಇಲ್ಲ ಎಂದೆ.

ನಿಶ್ಚಿತಾರ್ಥದ ದಿನ ನಡೆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆಮೇಲೆ ಸಿಸ್ಟರ್ ಬಾಯಿಂದಲೇ ಕೇಳಿದೆ. ಬೆಳಗ್ಗೆ ಅಣ್ಣನ ಮನೆಯವರು ಕಾರನ್ನು ಸೋಪಿನ ಪುಡಿ ಹಾಕಿ ತೊಳೆದು ಹೂವಿನ ಸರ ಕಟ್ಟಿದರು. ಗ್ಲೇಜ್ ಅಲ್ಲಿಗೇ ತೊಳೆದುಹೋಯಿತು. ಮಂಗಲ ಕಾರ್ಯಾಲಯದ ಮುಂದೆ, ಮೇ ತಿಂಗಳ ಬಿಸಿಲಿನಲ್ಲಿ, ಕಾರು ಮೂರು ತಾಸು ನಿಂತಿತು. ಗೀರಿನ ತಳದಲ್ಲಿ ಉಳಿದಿದ್ದ ವ್ಯಾಕ್ಸು, ಸೋಪು ಒಣಗಿ ಬೆಳ್ಳಗಾದವು. ಊಟದ ಹೊತ್ತಿಗೆ ಗಂಡಿನ ಕಡೆಯವರು ಹೊರಗೆ ನೆರಳಿಗೆ ನಿಂತಿದ್ದರು. ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದ ಒಬ್ಬ ಸಣ್ಣ ಹುಡುಗಿ, ಕಂಡ ಬೋರ್ಡುಗಳನ್ನೆಲ್ಲ ಓದಿಕೊಂಡು ಬಂದವಳು, ಕಾರಿನ ಮುಂದೆ ನಿಂತು ಇದನ್ನೂ ಒಂದೊಂದೇ ಅಕ್ಷರ ಜೋಡಿಸಿ ಗಟ್ಟಿಯಾಗಿ ಓದಿದಳು. ಸಿಸ್ಟರ್ ಆಗ ಬಾಗಿಲಲ್ಲೇ ಇದ್ದರು. ಯಾರೋ ಓಡಿಬಂದು ಹುಡುಗಿಯ ಬಾಯಿ ಮುಚ್ಚಿದರು. ಇನ್ಯಾರೋ ಬಾನೆಟ್ಟಿನ ಮೇಲೆ ಜಮಖಾನೆ ಹೊದಿಸಿದರು. ನಿಶ್ಚಿತಾರ್ಥ ಮುರಿಯಲಿಲ್ಲ. ಗಂಡಿನವರೂ ಅದೇ ಸಮುದಾಯದ ಜನ, ಅವರಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ಆದರೆ ಆಮೇಲೆ ಯಾರಿಗೂ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಸಿಸ್ಟರ್ ಜಮಖಾನೆ ಹೊದಿಸಿದ ಕಾರನ್ನೇ ಓಡಿಸಿಕೊಂಡು ನನ್ನ ಶೆಡ್ಡಿಗೆ ಬಂದರು. ಜಮಖಾನೆ ತೆಗೆದರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಯಾಕ ಹೇಳಲಿಲ್ಲ?"

"ನಿಮಗ ನೋವಾಗ್ತದ ಅಂತ..."

"ನನಗೋ, ನಿಮಗೋ?"

ಅವರು ನಿಂತಲ್ಲೇ ನಿಂತು, ದನಿ ಏರಿಸದೆ, ಹಳೆಯದನ್ನು ಹೇಳಿದರು. ೨೦೦೪ರಲ್ಲಿ ಊರಿನಲ್ಲಿ ಹೊಸ ಮನೆಗೆ ಅಡಿಪಾಯ ಹಾಕಿಸಿದ್ದರಂತೆ. ಟೊಂಗೆ ಬಿತ್ತು ಎಂದ ವಾರದಲ್ಲೇ ಮಾಸ್ತರು ಅದನ್ನು ಅರ್ಧಕ್ಕೆ ಬಿಟ್ಟು ಶಹಾಬಾದಿನಲ್ಲಿ ಬಾಡಿಗೆ ಮನೆ ಹಿಡಿದರು. ಕಾರಣ ಕೇಳಿದರೆ ಶಾಲೆಗೆ ಹತ್ತಿರ ಎನ್ನುತ್ತಿದ್ದರು. ಸಿಸ್ಟರ್‌ಗೆ ಊರು ಬಿಡುವ ಮನಸ್ಸಿರಲಿಲ್ಲ.

"ಸಾಯೋ ತನಕ ಆ ಮನುಷ್ಯಾಗ ಅಂಜುಬುರುಕ ಅಂದೀನಿ," ಎಂದರು. "ಒಂದು ದಿನಾನೂ ತಿರುಗಿ ಮಾತಾಡಲಿಲ್ಲ. ಅವರನ್ನ ಈಗ ಕೇಳಲಿಕ್ಕ ಆಗಂಗಿಲ್ಲ. ನೀವು ಇದ್ದೀರಿ, ಅದಕ್ಕ ನಿಮ್ಮನ್ನ ಕೇಳಾಕತ್ತೀನಿ."

ಆಗ ನಾನು ಉಳಿದದ್ದನ್ನೂ ಒಪ್ಪಿಕೊಂಡೆ: ಆ ಊರಿನಲ್ಲಿ ನನ್ನ ಅಕ್ಕ ಇದ್ದಾಳೆ, ಅಕ್ಷರ ಓದಿದ ಕೂಡಲೇ ಇದು ಯಾರ ಕೈ ಇರಬಹುದೆಂದು ಯೋಚನೆ ಬಂತು, ನಮ್ಮವರದೇ ಇದ್ದರೆ ಎಂದು ಅಂಜಿದೆ, ಬಾಯಿ ಮುಚ್ಚಿಕೊಂಡದ್ದರಲ್ಲಿ ಕರುಣೆ ಅರ್ಧ, ಅಂಜಿಕೆ ಅರ್ಧ ಇತ್ತು. ಬರೆದವರು ಯಾರೆಂದು ಅಕ್ಕನನ್ನು ಕೇಳಿಕೊಂಡು ಬರಬೇಕು ಎಂದು ಮಾತ್ರ ಸಿಸ್ಟರ್ ಹೇಳಿದರು.

ಅದೇ ಭಾನುವಾರ ಊರಿಗೆ ಹೋದೆ. ಅಕ್ಕ ಜೋಳ ಹಸನು ಮಾಡುತ್ತಿದ್ದಳು. ಕಾರಿನ ಮಾತು ಎತ್ತಿದ ಕೂಡಲೇ ಮೊರ ಕೆಳಗಿಟ್ಟಳು. ಆ ವರ್ಷ ಊರಿಗೆಲ್ಲ ಗೊತ್ತಿತ್ತಂತೆ. ಕಾರು ಅಗಸಿಯ, ಅಂದರೆ ಊರಬಾಗಿಲಿನ, ಮುಂದಿನಿಂದ ದಿನಾ ಹಾದುಹೋಗುವುದು ಕೆಲವರ ಕಣ್ಣಿಗೆ ಚುಚ್ಚುತ್ತಿತ್ತಂತೆ. ಬರೆದವರ ಹೆಸರು ಕೇಳಿದೆ.

"ನಾ ಈ ಊರಾಗ ಬಾಳಬೇಕೋ ತಮ್ಮಾ," ಎಂದಳು. "ಹೆಸರ ಕೇಳಬ್ಯಾಡ."

ನಾನು ಮತ್ತೆ ಕೇಳಲಿಲ್ಲ. ಚಹಾ ಕುಡಿದು ಎದ್ದು ಬಂದೆ.

ಸಿಸ್ಟರ್‌ಗೆ ನಡೆದದ್ದನ್ನು ಇದ್ದಂತೆ ಹೇಳಿದೆ. ಹೆಸರು ಸಿಗಲಿಲ್ಲ ಎಂಬುದಕ್ಕಿಂತ ಇನ್ನೊಂದು ಮಾತು ಅವರಿಗೆ ಹೆಚ್ಚು ತಟ್ಟಿತು. "ಊರಿಗೆಲ್ಲಾ ಗೊತ್ತಿತ್ತು. ನನಗೊಬ್ಬಾಕಿಗೇ ಗೊತ್ತಿದ್ದಿಲ್ಲ," ಎಂದು ಮೆಲ್ಲಗೆ ತಮ್ಮಷ್ಟಕ್ಕೆ ಹೇಳಿಕೊಂಡರು.

ಅವರು ಸುಮ್ಮನೆ ಕೂರುವ ಹೆಂಗಸಲ್ಲ. ಬಾನೆಟ್ಟಿನ ಫೋಟೋ ತೆಗೆಸಿದರು. ಬಣ್ಣದ ಎಷ್ಟು ಪದರ ಇದೆ, ಗೀರು ಯಾವ ಪದರದ ಕೆಳಗಿದೆ, ನಾನು ಯಾವಾಗ ನೋಡಿದೆ, ಹೇಗೆ ಮುಚ್ಚಿದೆ ಎಂಬುದನ್ನೆಲ್ಲ ನನ್ನಿಂದ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ವಕೀಲರ ಬಳಿ ಹೋದರು. ಹದಿನಾಲ್ಕು ವರ್ಷದ ಹಿಂದಿನದು, ಮಾಡಿದವರ ಹೆಸರಿಲ್ಲ, ನೋಡಿದೆ ಎನ್ನುವವರಿಲ್ಲ, ಸಹಿಸಿಕೊಂಡವರು ಬದುಕಿಲ್ಲ, ಕೇಸು ನಿಲ್ಲುವುದು ಕಷ್ಟ ಎಂದು ವಕೀಲರು ಹೇಳಿದರು. ಆದರೂ ಸಿಸ್ಟರ್ ಪೊಲೀಸರಿಗೆ ಅರ್ಜಿ ಕೊಟ್ಟರು. ಅದು ಮುಂದೆ ಸಾಗಲಿಲ್ಲ.

ಜುಲೈನಲ್ಲಿ ಬಾನೆಟ್ಟನ್ನು ತಗಡಿನವರೆಗೆ ತೆಗೆಯಲು ಹೇಳಿದರು. ಎರಡು ದಿನದ ಕೆಲಸ. ಎರಡು ದಿನವೂ ರಜೆ ಹಾಕಿ ಬಂದು ಶೆಡ್ಡಿನಲ್ಲಿ ಕುಳಿತರು. ಬಣ್ಣ ಹೋಯಿತು, ಪುಟ್ಟಿ ಹೋಯಿತು, ಕೊನೆಗೆ ಬರಿಯ ತಗಡಿನಲ್ಲಿ ಅಕ್ಷರಗಳು ತುಕ್ಕಿನ ಬಣ್ಣದಲ್ಲಿ ಕಂಡವು. ಮೊಳೆಯನ್ನು ಎರಡೆರಡು ಸಲ ಎಳೆದು ಕೆತ್ತಿದ್ದರು. ಬರೆದವರಿಗೆ ಅವಸರ ಇರಲಿಲ್ಲ ಎಂಬುದು ಅದನ್ನು ನೋಡಿದರೇ ತಿಳಿಯುತ್ತಿತ್ತು. ಸಿಸ್ಟರ್ ಎದ್ದು ಬಂದು ಹೆಬ್ಬೆರಳಿನಿಂದ ಆ ಗೀರುಗಳನ್ನು ಮೊದಲಿನಿಂದ ಕೊನೆಯವರೆಗೆ ಮುಟ್ಟಿದರು. ಗಾಯ ಎಷ್ಟು ಆಳ ಇದೆ ಎಂದು ನೋಡುವ ನರ್ಸಿನ ಕೈ ಅದು. ಆಮೇಲೆ ಮುಂದುವರಿಸಿ ಎಂಬಂತೆ ತಲೆ ಆಡಿಸಿದರು. ನಾನು ತುಕ್ಕು ತಿಕ್ಕಿ ತೆಗೆದು, ಪ್ರೈಮರ್ ಹೊಡೆದು, ಹಳೆಯ ಕೆಂಪಿಗೆ ಹೊಂದುವಂತೆ ಬಣ್ಣ ಕಲಸಿ ಹೊಡೆದೆ. ಎಷ್ಟೇ ಹೊಂದಿಸಿದರೂ ಬಾನೆಟ್ಟು ಉಳಿದ ಗಾಡಿಗಿಂತ ಸ್ವಲ್ಪ ಹೆಚ್ಚು ಕೆಂಪಾಗಿಯೇ ಉಳಿಯಿತು.

ಗಾಡಿ ಒಯ್ಯುವ ದಿನ, ಕೆಲಸ ಚಲೋ ಆಗಿದೆ ಎಂದಷ್ಟೇ ಹೇಳಿದರು. ಆಮೇಲೆ ಅವರು ನನ್ನ ಬಳಿ ಬರಲಿಲ್ಲ. ಈಗ ನಿವೃತ್ತರಾಗಿದ್ದಾರೆ. ಒಮ್ಮೊಮ್ಮೆ ಶಹಾಬಾದಿನ ರಸ್ತೆಯಲ್ಲಿ ಆ ಕಾರು ಎದುರಾಗುತ್ತದೆ. ನಾನು ಕೈ ಎತ್ತುತ್ತೇನೆ. ಅವರು ನೋಡುತ್ತಾರೆ, ಗಾಡಿ ನಿಲ್ಲಿಸುವುದಿಲ್ಲ.

ಆ ಕೆಲಸದ ನಂತರ ನಾನು ಗ್ಲೇಜ್ ತರಿಸುವುದನ್ನೇ ಬಿಟ್ಟೆ. ಉಜ್ಜುವಾಗ ಏನೇ ಕಾಣಲಿ, ಹಳೆಯ ಅಪಘಾತವಿರಲಿ, ತುಕ್ಕಿರಲಿ, ಮೆಷಿನ್ ನಿಲ್ಲಿಸಿ ಮಾಲೀಕರನ್ನು ಕರೆದು ತೋರಿಸುತ್ತೇನೆ. ಕೆಲವರು ಸಿಟ್ಟಾಗಿ ಗಾಡಿ ಬೇರೆ ಕಡೆ ಒಯ್ದಿದ್ದಾರೆ. ಇನ್ನೊಬ್ಬರ ಪಾಲಿನ ಸತ್ಯವನ್ನು ಅವರಿಗೆ ತಿಳಿಯದಂತೆ ಬಚ್ಚಿಡುವ ಹಕ್ಕು ನನಗಿಲ್ಲ ಎಂಬುದನ್ನು ಈ ಕಸುಬು ನನಗೆ ಹಾಗೆ ಕಲಿಸಿತು. ಕಲಿತದ್ದು ಶೆಡ್ಡಿನೊಳಗೆ ಮಾತ್ರ. ಹಬ್ಬ ಹುಣ್ಣಿಮೆಗೆ ಈಗಲೂ ಅಕ್ಕನ ಮನೆಗೆ ಹೋಗುತ್ತೇನೆ, ಅಗಸಿಯಲ್ಲಿ ಕುಳಿತವರು ಮಾತನಾಡಿಸುತ್ತಾರೆ, ನಾನೂ ಮಾತನಾಡುತ್ತೇನೆ. ಅವರಲ್ಲಿ ಬರೆದವರು ಯಾರು ಎಂಬುದು ಅಕ್ಕನಿಗೆ ಗೊತ್ತು. ಎರಡನೆಯ ಸಲ ನಾನು ಅವಳನ್ನು ಕೇಳಿಲ್ಲ.