ಮಾವ ಎಣ್ಣೆ ಬಿಟ್ಟ ಕ್ಯಾಮೆರಾ

ನಮ್ಮ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ಎರಡು ಸೀಳಾಗಿ ಬೆಳೆಯುತ್ತಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೈ ಪ್ರೆಸ್ಸಿಗೆ ಸಿಕ್ಕಿ ಹಾಗಾಗಿದ್ದು. ಸಣ್ಣ ಸ್ಕ್ರೂಗಳನ್ನು ಆ ಸೀಳಿನಲ್ಲೇ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. "ದೇವ್ರೇ ಚಿಮಟ ಕೊಟ್ಟವ್ನೆ, ಬ್ಯಾಡ ಅನ್ನಾಕಾಯ್ತದಾ?" ಎನ್ನುತ್ತಿದ್ದರು.

ಲಗ್ಗೆರೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಕಿರುಗುಟ್ಟುವ ವಸ್ತುವೇ ಇರಲಿಲ್ಲ. ಬಾಗಿಲು, ಫ್ಯಾನು, ಹೊಲಿಗೆ ಮಿಷನ್ನು, ಎಲ್ಲಕ್ಕೂ ಎಣ್ಣೆ. ನನ್ನ ಮದುವೆ ಮಾತುಕತೆ ಮುರಿದುಬಿದ್ದಾಗಲೂ "ಎಲ್ಲೋ ಎಣ್ಣೆ ಕಮ್ಮಿ ಆಗದೆ, ಬುಡವ್ವ" ಎಂದು ನಗಿಸಿದ್ದರು.

ಅತ್ತೆಗೆ ಕ್ಯಾನ್ಸರ್ ಬಂದು ಕೂದಲೆಲ್ಲ ಉದುರಿದ ಮೇಲೆ ಅವರು ಮಾವನನ್ನೂ ನನ್ನನ್ನೂ ಬಿಟ್ಟು ಯಾರಿಗೂ ಮುಖ ತೋರಿಸಲಿಲ್ಲ. ಆಗಿನ್ನೂ ನಮ್ಮಂಥವರ ಕೈಗೆ ಕ್ಯಾಮೆರಾ ಫೋನು ಬಂದಿರಲಿಲ್ಲ. ಮಾವ ಮದುವೆಯ ಹೊಸದರಲ್ಲಿ ಕೊಂಡಿದ್ದ, ಹಾರ್ಮೋನಿಯಂ ತಿದಿಯಂತೆ ಮಡಚುವ ಹಳೇ ಕ್ಯಾಮೆರಾ ಕೆಟ್ಟು ಅಟ್ಟ ಸೇರಿತ್ತು. ಅದರಲ್ಲಿ ಊರವರನ್ನೆಲ್ಲ ತೆಗೆದಿದ್ದ ಮಹಾನುಭಾವರು ಹೆಂಡತಿಯದೊಂದು ಫೋಟೋವನ್ನೂ ತೆಗೆದಿರಲಿಲ್ಲ. ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದ ದಿನ ಅತ್ತೆ ಹೇಳಿದರು: "ಸ್ಟುಡಿಯೋದವ್ರ ಮುಂದೆ ಇಂಗೆ ಕೂರಾಕಿಲ್ಲ. ನೀವೇ ಅದ್ನ ರಿಪೇರಿ ಮಾಡಿ ತೆಗೀರಿ. ನಿಮ್ ಕೈಲಿ ಒಂದು ಫೋಟೋ ತೆಗ್ಸ್ಕೊಂಡೇ ನಾನು ಹೋಗಾದು."

ಮಾವ ಕ್ಯಾಮೆರಾ ಇಳಿಸಿ, ಹಾಲ್‌ನಲ್ಲಿ ಪಂಚೆ ಹಾಸಿ ಬಿಚ್ಚಿದರು. ತಿದಿಯೊಳಗೆ ಟಾರ್ಚ್ ಬಿಟ್ಟು, ಬೆಳಕು ಕಂಡ ತೂತಿಗೆಲ್ಲ ಹಳೇ ಕೊಡೆಯ ಬಟ್ಟೆಯನ್ನು ಪಂಚರ್ ಸೊಲ್ಯೂಷನ್ನಿನಲ್ಲಿ ಅಂಟಿಸಿದರು. ಲೆನ್ಸಿನ ಬೂಷ್ಟು ಒರೆಸಿದರು. ರೆಪ್ಪೆಯಂತೆ ತೆರೆದು ಮುಚ್ಚಬೇಕಾದ ಶಟರಿನ ತೆಳು ಎಲೆಗಳು ಮಾತ್ರ ಅರ್ಧ ತೆರೆದು ಅಲ್ಲೇ ನಿಲ್ಲುತ್ತಿದ್ದವು. ಇಬ್ಬರೂ ಪೇಟೆಗೆ ಹೋಗಿ ರಿಪೇರಿಯವರೊಬ್ಬರನ್ನು ಕೇಳಿದೆವು.

"ವೈಟ್ ಪೆಟ್ರೋಲಲ್ಲಿ ತೊಳ್ದು ಒಣಗ್ಸಿ ಸಾರ್. ಎಣ್ಣೆ ಮಾತ್ರ ಒಂದು ತೊಟ್ಟೂ ಸೋಕ್ಬಾರ್ದು, ಎಲೆ ಅಂಟ್ಕೊಂಡ್ಬಿಡುತ್ತೆ."

ತೊಳೆದರು. ಶಟರು ಟಕ್ ಎಂದಿತು. ನನಗೆ ಕುಣಿಯುವಷ್ಟು ಖುಷಿ. ಮಾರನೇ ದಿನ ಫಿಲ್ಮ್ ರೋಲು ತಂದು ನೋಡಿದರೆ ಶಟರು ಮತ್ತೆ ಅಂಟಿದೆ, ಎಲೆಗಳ ಮೇಲೆ ಎಣ್ಣೆ ಮಿರುಗುತ್ತಿದೆ.

"ಮಾವ, ಇದೇನು ಲೇತ್ ಮಿಷನ್ನಾ?" ಎಂದು ರೇಗಿದೆ.

"ಕೈ ತಡೀನಿಲ್ಲ ಕಣವ್ವ. ಅಭ್ಯಾಸ."

ಮತ್ತೆ ತೊಳೆದರು, ಮತ್ತೆ ಸರಿಹೋಯಿತು, ಮತ್ತೆ ಎಣ್ಣೆ. ಅಷ್ಟರಲ್ಲಿ ಅತ್ತೆಗೆ ಗಂಜಿಯೂ ಇಳಿಯುತ್ತಿರಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಮಾವ ಕ್ಯಾಮೆರಾವನ್ನು ಮಡಚಿ ಬಿಚ್ಚುತ್ತ ಕೂತರು.

ಒಳಗಿನಿಂದ ಅತ್ತೆ ಕರೆದರು. ಮಾವ ಕ್ಯಾಮೆರಾ ಹಿಡಿದೇ ಹಾಸಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತರು.

"ಇನ್ನೂ ಎಷ್ಟು ದಿನ ಅಂತ ಎಣ್ಣೆ ಬುಡ್ತೀರಿ?" ಎಂದರು ಅತ್ತೆ. "ಫೋಟೋ ಆಗ್ದಿದ್ರೆ ನಾನು ಹೋಗಾಕಿಲ್ಲ ಅಂತ ತಾನೇ?"

ಮಾವ ಆ ಸೀಳುಗುರಿನ ಬೆರಳನ್ನು ಬಾಯಿಗೊತ್ತಿಕೊಂಡು ಬಿಕ್ಕಿದರು. "ನೀನೇ ಅಂದಿದ್ದಲ್ಲ... ತೆಗ್ಸ್ಕೊಂಡೇ ಹೋಗಾದು ಅಂತ."

"ನೋವು ತಡಿಯಾಕಾಯ್ತಿಲ್ಲ ಕಣ್ರೀ. ಒರ್ಸಿ, ತೆಗೀರಿ."

ಬಾಗಿಲಲ್ಲಿ ನಿಂತಿದ್ದ ನನಗೆ ಇಷ್ಟು ದಿನ ನಾನು ಬೈದದ್ದು ಎಂಥವರನ್ನು ಎಂದು ಆಗ ಗೊತ್ತಾಯಿತು. ಮಾವ ಶಟರು ತೊಳೆದು ಕಿಟಕಿಯಲ್ಲಿ ಒಣಗಿಸಿದರು. ಅತ್ತೆಯನ್ನು ನಾನು ದಿಂಬಿಗೆ ಒರಗಿಸಿ ಬಿಸಿಲಿಗೆ ಕೂರಿಸಿದೆ. ತಲೆಯ ಮೇಲಿನ ಸೆರಗನ್ನು ಅವರೇ ಸರಿಸಿದರು. ಮಾವ ಎಷ್ಟು ಹೊತ್ತಾದರೂ ಒತ್ತಲೇ ಇಲ್ಲ. ಅತ್ತೆ ಕಣ್ಣಲ್ಲೇ ಹೂಂ ಎಂದರು. ಟಕ್.

ಅತ್ತೆ ಆ ವಾರ ದಾಟಲಿಲ್ಲ. ಫೋಟೋ ಚೆನ್ನಾಗಿಯೇ ಬಂದಿತ್ತು.

ಆಮೇಲೂ ಕೆಲವು ವರ್ಷ ಮಾವ ಇದ್ದರು. ಆದರೆ ಯಾವುದಕ್ಕೂ ಎಣ್ಣೆ ಮುಟ್ಟಿಸಲಿಲ್ಲ. ಫ್ಯಾನು ಗೋಳಾಡುತ್ತಿತ್ತು, ಮುಂಬಾಗಿಲು ಕಿರ್ರೆನ್ನುತ್ತಿತ್ತು. ಬೆಳಿಗ್ಗೆ ಆ ಸದ್ದು ಕೇಳಿದರೆ ನನಗೆ ಸಮಾಧಾನ, ಮಾವ ಎದ್ದರು ಎಂದು. ಒಂದು ದಿನ ಬಿಸಿಲೇರಿದರೂ ಬಾಗಿಲು ಕಿರ್ರೆನ್ನಲಿಲ್ಲ.