ಮುಚ್ಚಿದ ಕಣ್ಣು ಕಾಣದ ಕ್ಯಾಮೆರಾ

ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ ನನಗೆ. ದಾವಣಗೆರೆಯ ವಿದ್ಯಾನಗರದಲ್ಲಿ ಸ್ಟುಡಿಯೋ ನಡೆಸುತ್ತಲೇ ತಲೆ ಹಣ್ಣಾಯಿತು. ಬಂದವರು ಕುರ್ಚಿ ಎಳೆದುಕೊಂಡು ಕೂತರೆಂದರೆ ಇದೇ ಪ್ರಶ್ನೆ. ಕೇಳುತ್ತಾರೆ, ತಲೆ ಆಡಿಸುತ್ತಾರೆ, ಆಮೇಲೆ ಯಾವುದೋ ವಿಡಿಯೋ ನೋಡಿ ತಮಗೆ ಬೇಕಾದ್ದನ್ನೇ ಕೊಳ್ಳುತ್ತಾರೆ. ಇರಲಿ, ಇನ್ನೊಂದು ಸಲ ಹೇಳುತ್ತೇನೆ.

ಕ್ಯಾಮೆರಾದ ಬಾಡಿ ಹಳೆಯದಾದರೂ ನಡೆಯುತ್ತದೆ, ಲೆನ್ಸ್ ಒಳ್ಳೆಯದಿರಲಿ. ಬೇರೆಯವರು ಬಳಸಿದ ಲೆನ್ಸ್ ಕೊಳ್ಳುವುದಾದರೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯಂತೆ ಬೂಷ್ಟು ಕಂಡರೆ ಕೈಮುಗಿದು ವಾಪಸ್ ಕೊಡಿ. ಗಾಜಿನ ಮೇಲೆ ಅಕ್ಷತೆಯ ಅರಿಶಿನವೋ ವಿಭೂತಿಯ ಪುಡಿಯೋ ಕೂತರೆ ಮೊದಲು ಬ್ಲೋವರ್‌ನಿಂದ ಗಾಳಿ ಊದಿ, ಆಮೇಲೆ ಮೆತ್ತನೆಯ ಬಟ್ಟೆ ಹಚ್ಚಿ. ಅಂಗಿಯ ತುದಿಯಿಂದ ತಿಕ್ಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇನ್ನು ಬಾಡಿ ಕೊಳ್ಳುವಾಗ ಒಂದೇ ಮಾತು: ಅದರ ಜಾಣತನವನ್ನು ಒಂದೇ ಬೆರಳಿನಲ್ಲಿ ಬಂದ್ ಮಾಡಲು ಬರುತ್ತದೆಯೇ ನೋಡಿ. ಇದನ್ನು ನಾನು ಕಲಿತದ್ದು ಹರಿಹರದ ಒಂದು ಸಾವಿನ ಮನೆಯಲ್ಲಿ.

ನಮ್ಮ ಮಂದಿಯಲ್ಲಿ ಸತ್ತವರನ್ನು ಕೂರಿಸುತ್ತಾರೆ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರೆಲ್ಲ ಸುತ್ತ ಕೂತು ಒಂದು ಫೋಟೊ ತೆಗೆಸುತ್ತಾರೆ. ಇಂಥ ಕರೆ ನನಗೆ ಹೊಸದಲ್ಲ. ಅವತ್ತು ತೀರಿಕೊಂಡಿದ್ದು ಒಬ್ಬ ಮುದುಕಿ. ಜೊತೆಗಿದ್ದದ್ದು ಒಬ್ಬಳೇ ಮಗಳು, ಬಟ್ಟೆ ಹೊಲಿದು ಮನೆ ನಡೆಸುವವಳು. ನಾನು ಚಪ್ಪಲಿ ಬಿಡುವಷ್ಟರಲ್ಲೇ ಹತ್ತಿರ ಬಂದಳು.

"ಅವ್ವಂದು ಒಂದೂ ಫೋಟೊ ಇಲ್ರಿ ಅಣ್ಣಾರೆ. ಕ್ಯಾಮೆರಾ ಕಂಡ್ರೆ ಸೆರಗು ಮುಚ್ಕೊಂತಿದ್ಲು. ಆಧಾರ್ ಕಾರ್ಡಿನಾಗೆ ಒಂದೈತೆ, ಅದರಾಗೆ ಅವ್ವ ಅವ್ವನಂಗೇ ಕಾಣಲ್ಲ. ಚೆಂದಗೆ ತಗೀರಿ, ಗೋಡೆಗೆ ಹಾಕ್ಬೇಕು."

ಕೈಯಲ್ಲಿದ್ದದ್ದು ಹೊಸ ಕ್ಯಾಮೆರಾ. ಅದು ತಾನೇ ಕಣ್ಣು ಹುಡುಕಿ, ಅಲ್ಲೊಂದು ಹಸಿರು ಚೌಕ ಮೂಡಿಸಿ, ಫೋಕಸ್ ಮಾಡುತ್ತದೆ. ಮದುವೆಗಳಲ್ಲಿ ಒಂದು ದಿನವೂ ಕೈ ಕೊಟ್ಟಿರಲಿಲ್ಲ. ನಡುಮನೆಯಲ್ಲಿ ಬೆಳಕು ಸಾಲದು, ಆ ಮುಖಕ್ಕೆ ಫ್ಲ್ಯಾಶ್ ಹೊಡೆಯಲು ಮನಸ್ಸು ಬರಲಿಲ್ಲ, ಲೆನ್ಸಿನ ಬಾಯಿ ಪೂರ್ತಿ ತೆರೆದೆ. ಹಾಗೆ ತೆರೆದರೆ ಒಂದು ಗೇಣು ಹಿಂದೆಮುಂದೆ ಇದ್ದ ಇಬ್ಬರಲ್ಲಿ ಒಬ್ಬರೇ ಸ್ಪಷ್ಟ, ಇನ್ನೊಬ್ಬರು ಮಸುಕು. ಮಗಳೋ, ಅವ್ವನ ಹೆಗಲ ಹಿಂದೆ ಕೂತವಳು ಕದಲಲೇ ಇಲ್ಲ. ಕದಲು ಎನ್ನಲು ನನಗೂ ಬಾಯಿ ಬರಲಿಲ್ಲ. "ಲಗೂ ಮುಗಸ್ರಿ, ಹೊತ್ತಾಗ್ತೈತೆ" ಎಂದು ಹಿರಿಯರೊಬ್ಬರು ಅವಸರ ಮಾಡಿದರು. ಹಸಿರು ಚೌಕ ಮೂಡಿತು. ಯಾರ ಮುಖದ ಮೇಲೆ ಎಂದು ನಾನು ನೋಡಲಿಲ್ಲ. ಹತ್ತು ಹನ್ನೆರಡು ಹೊಡೆದು ಬಸ್ಸು ಹಿಡಿದೆ.

ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅಯ್ಯೋ ಶಿವನೇ! ಎಲ್ಲದರಲ್ಲೂ ಮಗಳೇ ಸ್ಪಷ್ಟ. ರೆಪ್ಪೆಗೆ ಅಂಟಿದ ನೀರಿನ ಹನಿ ಸಹ ಎಣಿಸುವ ಹಾಗಿತ್ತು. ಮುಂದೆ ಕೂತ ಅವ್ವನ ಮುಖ ಮಾತ್ರ ಕಲಸಿದ ಹಿಟ್ಟು. ಮುಚ್ಚಿದ ಕಣ್ಣು ಆ ಕ್ಯಾಮೆರಾಕ್ಕೆ ಕಣ್ಣೇ ಅಲ್ಲ. ಬದುಕಿದವರ ಕಣ್ಣನ್ನೇ ಹುಡುಕಿಕೊಂಡು ಹೋಗಿತ್ತು. ಸಾಫ್ಟ್‌ವೇರಿನಲ್ಲಿ ತಿದ್ದಿದೆ. ಸುಕ್ಕು ಹೋಗಿ ಯಾರೋ ಮೇಣದ ಹೆಂಗಸು ಬಂದು ಕೂತಳು. ಇದನ್ನೇ ಕೊಟ್ಟುಬಿಡಲೇ ಎಂದು ಮನಸ್ಸು ಹೊಯ್ದಾಡಿದ್ದು ನಿಜ. ಕೊಡಲಾಗಲಿಲ್ಲ, ತಿದ್ದಿದ್ದನ್ನು ಅಳಿಸಿದೆ. ಅಷ್ಟು ಹೊತ್ತಿಗೆ ಹರಿಹರದಲ್ಲಿ ಮಣ್ಣು ಮುಗಿದಿತ್ತು.

ಐದನೇ ದಿನ ಮಗಳೇ ಬಂದಳು. ಕ್ಯಾಮೆರಾದ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ವಯಸ್ಸಿನಲ್ಲಿ ಅದೂ ಬೇಡ ಅನ್ನಿಸಿತು.

"ತಪ್ಪು ನಂದು ತಂಗಿ. ಅವ್ವನ ಮುಖ ಬಂದಿಲ್ಲ" ಎಂದೆ.

ಅವಳು ಪರದೆಯ ಹತ್ತಿರ ಬಾಗಿದಳು. ನಾನು ಒಂದೊಂದೇ ಫೋಟೊ ಮುಂದೆ ಸರಿಸಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಕೊನೆಯದರವರೆಗೂ ನೋಡಿ, ದನಿ ಏರಿಸದೆ ಕೇಳಿದಳು:

"ಎಲ್ಲದರಾಗೂ ನನ್ನನ್ನೇ ಯಾಕ ತಗದ್ರಿ ಅಣ್ಣಾರೆ? ನಾನು ಇನ್ನೂ ಇದೀನಲ್ರಿ."