ನೋಡದೆ ಕೂತ ಹತ್ತು ನಿಮಿಷ

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಬೆಡ್‌ಶೀಟು ಇಡುವ ಕೋಣೆಯ ಪಕ್ಕದಲ್ಲಿ ಸರ್ವರ್ ಕೋಣೆ ಇದೆ. ಹದಿನಾಲ್ಕು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿರುವವರನ್ನು ಎಲ್ಲರೂ ಗಂಟೆಯಕ್ಕ ಎನ್ನುತ್ತಾರೆ. ರಕ್ತಪರೀಕ್ಷೆಯ ವರದಿಗಳು ಲ್ಯಾಬಿನಿಂದ ವಾರ್ಡಿಗೆ ಹೋಗುವುದು ಈ ಸರ್ವರ್ ಮೂಲಕ. ಅದರ ಪ್ರೊಸೆಸರ್ ಬಳಕೆ ಶೇಕಡಾ ಎಂಬತ್ತು ದಾಟಿದರೆ ಅಕ್ಕ, ಲ್ಯಾಬ್ ತಂತ್ರಜ್ಞ, ಆಡಳಿತದ ಮುಖ್ಯಸ್ಥರು ಸೇರಿದಂತೆ ಐದು ಜನರ ಫೋನುಗಳಲ್ಲಿ ಎಚ್ಚರಿಕೆಯ ಗಂಟೆಗಳು ಒಟ್ಟಿಗೆ ಬಡಿದುಕೊಳ್ಳುತ್ತವೆ. ಮೊನ್ನೆ ಮೊನ್ನೆಯವರೆಗೆ ದಿನಕ್ಕೆ ನಲವತ್ತು ಸಲ ಬಡಿದುಕೊಳ್ಳುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಸುಳ್ಳು: ಒಟ್ಟಿಗೆ ಬಂದ ವರದಿಗಳು ಹೋದ ಕೂಡಲೇ ಬಳಕೆ ತಾನಾಗಿ ಇಳಿಯುತ್ತಿತ್ತು.

ಊಟಕ್ಕೆ ಕೂತರೂ ಅಕ್ಕನ ಕಣ್ಣು ಫೋನಿನ ಗ್ರಾಫಿನ ಮೇಲೆ. ಲೇತ್ ಕೆಲಸದ ಗಂಡ ಒಮ್ಮೆ ಕೇಳಿದರು: "ಅದಕ್ಕೂ ಒಂದು ತಟ್ಟೆ ಹಾಕ್ಲಾ?"

ಹೋದ ತಿಂಗಳು ಸರ್ವರ್ ನಿಜವಾಗಿಯೇ ಕೈಕೊಟ್ಟಿತು. ಗಂಟೆ ಹೊಡೆಯಿತು, ಆಸ್ಪತ್ರೆಯಲ್ಲಿದ್ದ ನಾಲ್ವರಲ್ಲಿ ಒಬ್ಬರೂ ಏಳಲಿಲ್ಲ. ಅಂದು ರಜೆಯಲ್ಲಿದ್ದ ಅಕ್ಕ ಬಸ್ಸಿನಿಂದಲೇ ಎಲ್ಲರಿಗೂ ಫೋನು ಮಾಡಿದರೂ ನಲವತ್ತು ನಿಮಿಷ ಒಂದೇ ಒಂದು ವರದಿ ವಾರ್ಡಿಗೆ ತಲುಪಲಿಲ್ಲ.

ಸೋಮವಾರ ಆಡಳಿತದ ಮುಖ್ಯಸ್ಥರು ಕರೆಸಿದರು.

"ನೋಡಿಮ್ಮ, ಶುಕ್ರವಾರದ ತನಕ ಟೈಮ್. ಆಮೇಲೂ ಹೀಗೇ ಬಡ್ಕೊಂಡ್ರೆ ಗಂಟೇನೇ ತೆಗೆಸ್ತೀನಿ. ಹೇಗೂ ಯಾರೂ ಏಳಲ್ಲ."

"ತೆಗೆದ್ರೆ ನಿಂತಿದ್ದು ಗೊತ್ತಾಗೋದು ಹೇಗೆ ಸಾರ್?"

"ವಾರ್ಡಿನವರು ಬೈತಾರಲ್ಲ, ಗೊತ್ತಾಗತ್ತೆ."

ಅಕ್ಕ ಮೊದಲು ಮಿತಿಯನ್ನು ಎಂಬತ್ತರಿಂದ ತೊಂಬತ್ತೈದಕ್ಕೆ ಏರಿಸಿದರು. ಗಂಟೆಗಳು ಅರ್ಧಕ್ಕಿಳಿದವು. ಆಮೇಲೆ ಹಳೆಯ ದಾಖಲೆ ತೆಗೆದು ನೋಡಿದರು. ಸರ್ವರ್ ಕೈಕೊಟ್ಟ ದಿನ ಬಳಕೆ ಎಂಬತ್ತೆಂಟರಲ್ಲೇ ನಿಂತಿತ್ತು. ಹೊಸ ಮಿತಿಯಲ್ಲಿ ಅಂದು ಗಂಟೆಯೇ ಹೊಡೆಯುತ್ತಿರಲಿಲ್ಲ. ಮತ್ತೆ ಎಂಬತ್ತಕ್ಕೇ ತಂದರು.

ದಾರಿ ಸಿಕ್ಕಿದ್ದು ಮಂಗಳವಾರ, ಚಹಾ ಕುಡಿಯುವಾಗ. ಎಲ್ಲರೂ ಸಿಸ್ಟರಮ್ಮ ಎನ್ನುವ ಹಿರಿಯ ನರ್ಸ್ ಅಕ್ಕನ ಗೋಳು ಕೇಳಿಸಿಕೊಂಡು ಹೇಳಿದರು: "ಮೆಟ್ಟಿಲು ಹತ್ತಿ ಬಂದ ತಕ್ಷಣ ಯಾರದ್ದಾದ್ರೂ ಬಿಪಿ ನೋಡ್ತೀವೇನೇ? ಐದು ನಿಮಿಷ ಕೂರಿಸ್ತೀವಿ."

ಅಂದೇ ನಿಯಮ ಬದಲಾಯಿತು: ಎಂಬತ್ತರ ಮೇಲೆ ಹೋಗಿ ಹತ್ತು ನಿಮಿಷ ಇಳಿಯದಿದ್ದರೆ ಮಾತ್ರ ಗಂಟೆ. ಬುಧವಾರ ಹೊಡೆದದ್ದು ಒಂಬತ್ತು ಸಲ. ಒಂಬತ್ತೂ ಸುಳ್ಳು. ಸರ್ವರ್ ಸುಸ್ಥಿತಿಯಲ್ಲಿದ್ದರೂ ಹೊರೆ ಯಾಕೆ ಇಳಿಯುತ್ತಿಲ್ಲ? ಅಕ್ಕ ಲಾಗಿನ್ ಪಟ್ಟಿ ತೆಗೆದರು. ಒಂಬತ್ತು ಸಲವೂ ಅಲ್ಲಿದ್ದ ಹೆಸರು ಅವರದೇ.

ಗ್ರಾಫ್ ಮೇಲೇರಿದ ಕೂಡಲೇ ಅವರು ಸರ್ವರಿಗೆ ಲಾಗಿನ್ ಆಗುತ್ತಿದ್ದರು. ಯಾವ ಕೆಲಸ ಎಷ್ಟು ತಿನ್ನುತ್ತಿದೆ ಎಂದು ನೋಡಲು ನಾಲ್ಕು ಪರದೆ ತೆರೆದು, ಇಡೀ ದಿನದ ದಾಖಲೆಯನ್ನು ಸೆಕೆಂಡಿಗೊಮ್ಮೆ ಜಾಲಾಡಿಸುತ್ತಿದ್ದರು. ತಾನಾಗಿ ಇಳಿಯಬೇಕಿದ್ದ ಹೊರೆಯನ್ನು ಇಳಿಯಗೊಡದೆ ಹಿಡಿದದ್ದು ಆ ನಾಲ್ಕು ಪರದೆಗಳು.

ಇದನ್ನು ಕೇಳಿ ಸಿಸ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ನನ್ನ ಮುಖ ನೋಡಿದ್ರೇನೇ ಕೆಲವರಿಗೆ ಬಿಪಿ ಏರತ್ತೆ ಕಣೇ. ಆಗ ನಾನು ಆಚೆ ಹೋಗ್ತೀನಿ."

ಗುರುವಾರ ಬೆಳಿಗ್ಗೆ ಎಂಟು ಹತ್ತಕ್ಕೆ ವರದಿಗಳ ರಾಶಿ ಬಿತ್ತು. ಬಳಕೆ ಎಂಬತ್ತನಾಲ್ಕು, ತೊಂಬತ್ತೊಂದು. ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತರು. ಎದ್ದರು. ಕಿಟಕಿಯವರೆಗೆ ಹೋಗಿ ಬಂದರು. ಆರನೇ ನಿಮಿಷಕ್ಕೆ ಲಾಗಿನ್ ಆದರು. ಹತ್ತನೇ ನಿಮಿಷಕ್ಕೆ ಐದೂ ಫೋನು ಬಡಿದುಕೊಂಡವು.

"ಅಕ್ಕಾ, ನಿಮ್ಮ ಸಂಗೀತ ಶುರುವಾಯ್ತು," ಎಂದ ಲ್ಯಾಬ್ ತಂತ್ರಜ್ಞ, ಕೂತಲ್ಲಿಂದಲೇ.

ಸಂಜೆ ಮನೆಯಲ್ಲಿ ಅಕ್ಕ ಗಂಡನಿಗೆ ಹೇಳಿದರು: "ನಾಳೆ ಒಂದೇ ದಿನ ಉಳಿದಿರೋದು ರೀ. ನೋಡ್ದೆ ಕೂರಕ್ಕೆ ಆಗ್ತಿಲ್ಲ."

"ನಿನ್ನಿಂದ ಆಗಲ್ಲ ಬಿಡು. ಯಾರಾದ್ರೂ ಫೋನು ಕಿತ್ಕೋಬೇಕು."

ಶುಕ್ರವಾರ ಅಕ್ಕ ಆಸ್ಪತ್ರೆಗೆ ಬಂದವರೇ ಫೋನನ್ನೂ ಸರ್ವರ್ ಕೋಣೆಯ ಕೀಲಿಯನ್ನೂ ಸಿಸ್ಟರಮ್ಮನಿಗೆ ಒಪ್ಪಿಸಿ, ಪಕ್ಕದ ಕೋಣೆಯಲ್ಲಿ ಬೆಡ್‌ಶೀಟು ಮಡಚಲು ಕೂತರು. ಎಂಟೂವರೆ ಕಳೆಯಿತು, ಒಂಬತ್ತಾಯಿತು. ಗಂಟೆ ಇಲ್ಲ. ಹತ್ತಾಯಿತು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

"ಒಂದ್ಸಲ ನೋಡ್ಲಾ? ಸತ್ತೇ ಹೋಗಿದ್ಯೋ ಏನೋ."

"ಮೂಲೆ ಸರಿಯಾಗಿ ಹಿಡ್ಕೊ," ಎಂದರು ಸಿಸ್ಟರಮ್ಮ.

ಹನ್ನೊಂದು ಇಪ್ಪತ್ತಕ್ಕೆ ಅವರ ಏಪ್ರನ್ ಜೇಬಿನಲ್ಲಿ ಗಂಟೆ ಹೊಡೆಯಿತು. ಅಕ್ಕ ಕೀಲಿ ಕಸಿದುಕೊಂಡು ಓಡಿದರು. ಬಾಗಿಲು ತೆರೆಯುವಷ್ಟರಲ್ಲಿ ಲ್ಯಾಬ್ ತಂತ್ರಜ್ಞ ಒಂದೇ ಕೈಗೆ ಗ್ಲೌಸ್ ತೊಟ್ಟು ಹಿಂದೆ ನಿಂತಿದ್ದ. ಬೆಳಗಿನಿಂದ ಸುಮ್ಮನಿದ್ದದ್ದು ಈಗ ಯಾಕೆ ಕೂಗಿತು ಎಂದು ಮುಖ್ಯಸ್ಥರೂ ಮೆಟ್ಟಿಲು ಹತ್ತಿ ಬಂದರು.

"ಇದು ನಿಜದ್ದಾ?"

"ಹತ್ತು ನಿಮಿಷದಿಂದ ಇಳಿದಿಲ್ಲ ಸಾರ್. ನಾನು ಮುಟ್ಟಿಲ್ಲ."

ಒಂದು ವರದಿ ಅರ್ಧಕ್ಕೆ ಸಿಕ್ಕಿಕೊಂಡು ಪ್ರೊಸೆಸರನ್ನು ಹಿಡಿದಿಟ್ಟಿತ್ತು. ಅಕ್ಕ ಅದನ್ನು ನಿಲ್ಲಿಸಿದರು, ತಂತ್ರಜ್ಞ ಲ್ಯಾಬಿಗೆ ಓಡಿ ಹೊಸದಾಗಿ ಕಳಿಸಿದ. ನಾಲ್ಕು ನಿಮಿಷದ ಕೆಲಸ. ವಾರ್ಡಿನವರಿಗೆ ಗೊತ್ತೇ ಆಗಲಿಲ್ಲ.

ಮುಖ್ಯಸ್ಥರು ಇನ್ನೂ ಏದುಸಿರು ಬಿಡುತ್ತಿದ್ದರು. "ಹಾಗಾದ್ರೆ ಇನ್ಮೇಲೆ ಇದು ಹೊಡೆದ್ರೆ ನಾನೂ ಏಳ್ಬೇಕಾ?"

"ಏಳ್ಬೇಕು ಸಾರ್," ಎಂದರು ಅಕ್ಕ. ತೆರೆದಿದ್ದ ಪರದೆಗಳನ್ನು ಒಂದೊಂದಾಗಿ ಮುಚ್ಚಿ, ಕೀಲಿಯನ್ನು ಬಾಗಿಲಲ್ಲಿ ನಿಂತಿದ್ದ ಸಿಸ್ಟರಮ್ಮನ ಕೈಗೇ ವಾಪಸು ಕೊಟ್ಟರು.